ಐದು ಸಾವಿರದೊಳಗಿನ ಗಲ್ಲಾ ಕಳವಿಗೂ ಎಫ್‌ಐಆರ್: ನನ್ನ ಅನುಭವ

ಮುಂಬೈಯ ನಮ್ಮವರ ಹೋಟೆಲಲ್ಲಿ ಹುಡುಗ ಗಲ್ಲಾದಿಂದ ನಾಲ್ಕೂವರೆ ಸಾವಿರ ಎತ್ತಿಕೊಂಡು ಹೋದರೆ ಠಾಣೆಯಲ್ಲಿ ಸಿಗುವುದು ಎನ್‌ಸಿ ಚೀಟಿ, ಅಂದರೆ ಎಫ್‌ಐಆರ್ ಅಲ್ಲ, ಅಸಂಜ್ಞೇಯ ಅಪರಾಧವೆಂದು ಬರೆದುಕೊಂಡ ಚೀಟಿ. ‘5,000ದ ಒಳಗೆ ಅಲ್ಲವೇ, ಇಷ್ಟೇ ಆಗುವುದು’ ಎಂದು ಜೊತೆಯ ವಕೀಲರೂ ಕೈಚೆಲ್ಲಿದ್ದರು. ಅವರು ನೋಡುತ್ತಿದ್ದುದು ಸಾಮಾನ್ಯ ಕಳವಿನ ಕಲಮು, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 303(2) ಒಂದನ್ನೇ. ಕಳವಿನ ಕಲಮುಗಳಲ್ಲಿ ಆ 5,000ದ ಗೆರೆ ಇರುವುದು ಅಲ್ಲಿ ಮಾತ್ರ. ಮಾಲೀಕನ ವಶದಲ್ಲಿರುವುದನ್ನು ನೌಕರ ಕದ್ದರೆ 306, ಅಂದರೆ ಹಳೆಯ ಐಪಿಸಿ 381. ಮೊತ್ತ 500 ಇದ್ದರೂ ಏಳು ವರ್ಷದವರೆಗೆ ಶಿಕ್ಷೆ, ಸಂಜ್ಞೇಯ (ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರೇ ಎಫ್‌ಐಆರ್ ಹಾಕಬಹುದಾದ್ದು), ಜಾಮೀನುರಹಿತ. ಇನ್ನೊಂದು ಲಾಭವಿದೆ: ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(3)ರ 14 ದಿನಗಳ ಪ್ರಾಥಮಿಕ ವಿಚಾರಣೆ ಮೂರರಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಹಾಗಾಗಿ 306ಕ್ಕೆ ‘ಮೊದಲು ವಿಚಾರಿಸುತ್ತೇವೆ’ ಎಂದು ಆ ಕಲಮಿನಡಿ ತಡೆಯಲು ಬರುವುದಿಲ್ಲ. ಹೀಗೆ ಬರೆದ ದೂರುಗಳಲ್ಲಿ, ನೆನಪಿನ ಮೇಲೆ ಹೇಳುವುದಾದರೆ, ಹತ್ತಕ್ಕೆ ಏಳೆಂಟು ದಾಖಲಾಗಿವೆ.

ಕೆಡುವುದು ‘ವಶ’ ಎಂಬ ಮಾತಿನಲ್ಲಿ. ಗಲ್ಲಾವನ್ನೇ ಒಪ್ಪಿಸಿಕೊಂಡ ಕ್ಯಾಷಿಯರ್ ಹಣ ನುಂಗಿದರೆ ಅದು ಕಳವಲ್ಲ, ನಂಬಿಕೆ ದ್ರೋಹ: 316(4). ಟೇಬಲ್ ಒರೆಸುವ ಹುಡುಗ ಡ್ರಾಯರ್ ತೆರೆದರೆ 306. ಇರಲಿ ಎಂದು 318(4) ವಂಚನೆಯನ್ನೂ ಸೇರಿಸುವ ಚಟ ಬಿಡಬೇಕು. ಒಂದೇ ಸಂಗತಿಯ ಮೇಲೆ ವಂಚನೆ, ನಂಬಿಕೆ ದ್ರೋಹ ಎರಡೂ ನಿಲ್ಲವು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸ್ಪಷ್ಟ ಹೇಳಿದೆ. ಹಾಜರಿ ಪುಸ್ತಕ, ಸಂಬಳದ ರಸೀದಿ ಇಲ್ಲದೆ ಅವನು ನೌಕರ ಎಂದು ತೋರಿಸುವುದೇ ಕಷ್ಟ. ಅರ್ಧ ದೂರು ಬೀಳುವುದು ಅಲ್ಲೇ.

ಠಾಣೆ ಒಪ್ಪದಿದ್ದರೆ ಬಿಎನ್‌ಎಸ್‌ಎಸ್ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಆದರೆ 173(4)ರ ಪ್ರಕಾರ ಮೇಲಧಿಕಾರಿಗೆ ಮೊದಲು ಬರೆದಿರಬೇಕು, ಅರ್ಜಿಯ ಜೊತೆ ಅಫಿಡವಿಟ್ ಇರಬೇಕು. ಅಫಿಡವಿಟ್ ಇಲ್ಲದೆ ಹಾಕಿದ ಎರಡು ಅರ್ಜಿ ವಾಪಸಾಗಿ ಟೈಪಿಂಗ್, ನೋಟರಿ, ಓಡಾಟವೆಂದು ಸುಮಾರು ಮೂರು ಸಾವಿರ ನೀರಿಗೆ ಹೋಯಿತು.

ನಡುವೆ ಹಳೆ-ಹೊಸ ಕಲಮುಗಳ ಒಂದು ಪುಟದ ಪಟ್ಟಿಯನ್ನೂ ಮಾಡಿ ನೋಡಿದೆ. ಉಪಯೋಗಕ್ಕೆ ಬರಲಿಲ್ಲ. 318 ಎಂದಷ್ಟೇ ಬರೆದರೆ ಸಾಲದು: (2) ಅಸಂಜ್ಞೇಯ, ಜಾಮೀನು ಹಕ್ಕು, (4) ಎರಡೂ ತಿರುವುಮುರುವು. ಉಪಕಲಮಿಗೊಂದು ಸಾಲು ಮಾಡಿದ ಮೇಲೇ ಪಟ್ಟಿ ನಿಂತಿತು.

ದೂರಿನ ಮೊದಲ ಮೂರು ಸಾಲುಗಳ ಜೋಡಣೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಮಾಲೀಕರಿಗೆ ಮಾತ್ರ ಮೊದಲೇ ಹೇಳಿಬಿಡಿ: ಶಿಕ್ಷೆ ಏಳು ವರ್ಷ ಮೀರದ್ದರಿಂದ ಸಾಮಾನ್ಯವಾಗಿ ಹೋಗುವುದು ಬಿಎನ್‌ಎಸ್‌ಎಸ್ 35(3)ರ ಹಾಜರಾಗುವ ನೋಟಿಸ್, ಎಫ್‌ಐಆರ್ ಆದ ದಿನವೇ ಹುಡುಗನನ್ನು ಒಳಗೆ ಹಾಕುವುದಿಲ್ಲ. 2024ರ ಜುಲೈ 1ಕ್ಕಿಂತ ಹಿಂದಿನ ಕಳವಾದರೆ ಈಗಲೂ ಐಪಿಸಿ 381 ಎಂದೇ ಬರೆಯಬೇಕು.