ಚೀಟಿ ಕೊಡುವ ಮುಂಚೆ ಹತ್ತು ನಿಮಿಷ

"ಅರ್ಥ ಆಯ್ತಾ?" ಅಂತ ರೋಗಿಗಳನ್ನು ಕೇಳುವುದನ್ನು ನಾನು ಬಿಟ್ಟು ಒಂಬತ್ತು ವರ್ಷವಾಯಿತು. ನಾನು ನರ್ಸ್. ವಾರ್ಡಿನಿಂದ ಮನೆಗೆ ಹೊರಟವರಿಗೆ ಯಾವ ಮಾತ್ರೆ ಯಾವಾಗ ನುಂಗಬೇಕು ಅಂತ ಹೇಳಿ ಕಳಿಸುವುದು ನನ್ನ ಕೆಲಸ. ಅದಕ್ಕೂ ಮುಂಚಿನ ಹದಿಮೂರು ವರ್ಷ ಎಲ್ಲರಿಗೂ ಅದನ್ನೇ ಕೇಳುತ್ತಿದ್ದೆ. ಎಲ್ಲರೂ "ಹೂಂ" ಅನ್ನುತ್ತಿದ್ದರು. ನಾನು ನಂಬುತ್ತಿದ್ದೆ.

ಆ ನಂಬಿಕೆ ಮುರಿದಿದ್ದು ನಮ್ಮ ಮನೆಯಲ್ಲೇ. ಅಮ್ಮನಿಗೆ ತನ್ನ ಹೆಸರು ಬರೆಯಲು ಬರುತ್ತದೆ, ಅದರಾಚೆ ಓದು ಬರಹ ಇಲ್ಲ. ಬಿಪಿ ಮಾತ್ರೆಗೆ ಬಣ್ಣವೇ ಅವಳಿಗೆ ಗುರುತು. ಬೆಳಿಗ್ಗೆ ಗುಲಾಬಿ ಬಣ್ಣದ್ದು, ರಾತ್ರಿ ಹಳದಿ. ಒಂದು ತಿಂಗಳು ಔಷಧಿ ಅಂಗಡಿಯಲ್ಲಿ ಬೆಳಗಿನ ಮಾತ್ರೆಯನ್ನೇ ಬೇರೆ ಕಂಪನಿಯದು ಕೊಟ್ಟರು. ಅದು ಬಿಳಿ ಇತ್ತು. ಹಳೇ ಗುಲಾಬಿ ಮಾತ್ರೆ ಇನ್ನೂ ಎಂಟು ಹತ್ತು ಉಳಿದಿದ್ದವು. ಡಾಕ್ಟರು ಹೊಸ ಔಷಧಿ ಸೇರಿಸಿದ್ದಾರೆ ಅಂದುಕೊಂಡು ಅಮ್ಮ ಎರಡನ್ನೂ ನುಂಗಿದಳು. ನಾಲ್ಕನೇ ದಿನ ಬೆಳಿಗ್ಗೆ ತಲೆ ತಿರುಗಿ ಬಚ್ಚಲಲ್ಲಿ ಬಿದ್ದಳು. ನನ್ನನ್ನು ಯಾಕೆ ಕೇಳಲಿಲ್ಲ ಅಂದಾಗ, "ನೀನು ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಿದ್ದೆ, ಇದನ್ನೆಲ್ಲ ಏನು ಕೇಳೋದು ಅನ್ನಿಸ್ತು" ಅಂದಳು. ನರ್ಸ್ ಮಗಳು ಪಕ್ಕದ ಕೋಣೆಯಲ್ಲೇ ಇದ್ದರೂ ಅಮ್ಮನಿಗೆ ಕೇಳಲು ಸಂಕೋಚ. ವಾರ್ಡಿನಲ್ಲಿ ಬಿಳಿ ಕೋಟಿನ ಮುಂದೆ ನಿಂತವರಿಗೆ ಹೇಗಿರಬೇಡ?

ಆಮೇಲೆ ನಾನು ನನ್ನ ಕೆಲಸವನ್ನು ಮೊದಲಿನಿಂದ ಕಲಿತೆ. ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನರ್ಸುಗಳಿಗೆ, ಔಷಧಿ ಅಂಗಡಿಯವರಿಗೆ, ಮನೆಯಲ್ಲಿ ಓದಿಕೊಂಡವರು ತಾವೊಬ್ಬರೇ ಆಗಿರುವ ಮಕ್ಕಳಿಗೆ ಇದು ಉಪಯೋಗಕ್ಕೆ ಬಂದೀತು.

ಶುರು ಮಾಡುವ ಮುಂಚೆ ತಲೆಯಿಂದ ಒಂದು ಮಾತನ್ನು ತೆಗೆದುಹಾಕಿ. "ಇವರು ಆರೋಗ್ಯದ ಬಗ್ಗೆ ಗಮನ ಕೊಡಲ್ಲ" ಅನ್ನುವ ಮಾತು. ಲಂಡನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದ ಬಗ್ಗೆ ಓದಿದ ಮೇಲೆ ನನ್ನ ಬಾಯಿಂದ ಆ ಮಾತು ಬರುವುದು ನಿಂತಿತು. ಅದರಲ್ಲಿ ಸುಮಾರು 18,000 ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿದರು, ಎಲ್ಲರೂ ಗಂಡಸರು. ಯಾರೂ ಕಡುಬಡವರಲ್ಲ. ಎಲ್ಲರಿಗೂ ಕೆಲಸವಿತ್ತು, ಸಂಬಳವಿತ್ತು, ಆ ದೇಶದ ಉಚಿತ ಚಿಕಿತ್ಸೆಯೂ ಇತ್ತು. ಆದರೂ ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ತೀರಾ ಕೆಳಗಿನ ದರ್ಜೆಯವರಲ್ಲಿ ಸುಮಾರು 3 ಪಟ್ಟು ಇತ್ತು. ನಡುವಿನ ದರ್ಜೆಯವರು ನಡುವೆ ಇದ್ದರು. ಒಂದೊಂದು ಮೆಟ್ಟಿಲು ಇಳಿದಂತೆ ಅಪಾಯ ಒಂದಿಷ್ಟು ಹೆಚ್ಚು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ತಗೊಂಡರೂ ಆ ಅಂತರದ ಅರ್ಧಕ್ಕೂ ಕಾರಣ ಸಿಗಲಿಲ್ಲ. ಸಂಶೋಧಕ ಮೈಕಲ್ ಮಾರ್ಮಟ್ ಮತ್ತು ಜೊತೆಗಾರರು 1985ರಲ್ಲಿ ಶುರು ಮಾಡಿದ ಎರಡನೇ ಅಧ್ಯಯನದಲ್ಲಿ ಇನ್ನೊಂದು ಎಳೆ ಸಿಕ್ಕಿತು. ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನುವುದಕ್ಕೂ ಹೃದಯಕ್ಕೂ ನಂಟಿದೆ.

ಹಿಡಿತ. ನನಗೆ ಉಪಯೋಗಕ್ಕೆ ಬಂದಿದ್ದು ಈ ಪದ. ಹಾಗಾಗಿ ಈಗ ಮಾತ್ರೆಯ ಸುದ್ದಿ ತೆಗೆಯುವ ಮುಂಚೆ ರೋಗಿಯ ದಿನದ ಬಗ್ಗೆ ಕೇಳುತ್ತೇನೆ. ಕುರ್ಚಿ ಎಳೆದುಕೊಂಡು ಕೂತು ಕೇಳಿ. ನಿಂತುಕೊಂಡು ಕೇಳಿದರೆ ಉತ್ತರ ಚಿಕ್ಕದಾಗುತ್ತದೆ. "ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ? ಮೊದಲು ಹೊಟ್ಟೆಗೆ ಏನಾದರೂ ಬೀಳೋದು ಯಾವಾಗ? ಕೆಲಸದಲ್ಲಿ ನಡುವೆ ಎದ್ದು ಹೋಗೋಕೆ ಬಿಡ್ತಾರಾ?" ಇಷ್ಟು ಸಾಕು.

ಇದರಿಂದ ಏನು ಸಿಗುತ್ತದೆ ಅಂತ ಹೇಳುತ್ತೇನೆ. ಕಾಲು ಊದಿಕೊಂಡು ಮೂರು ಸಲ ದಾಖಲಾದ ಒಬ್ಬ ಹೆಂಗಸು ಇದ್ದರು. ಮೈಯಲ್ಲಿ ತುಂಬಿದ ನೀರು ಮೂತ್ರವಾಗಿ ಹೋಗಲು ಅವರಿಗೆ ಬೆಳಿಗ್ಗೆ ಮಾತ್ರೆ ಇತ್ತು. ಫೈಲಿನಲ್ಲಿ "ಔಷಧಿ ಸರಿಯಾಗಿ ತಗೊಳ್ಳುವುದಿಲ್ಲ" ಅಂತ ಬರೆದಿತ್ತು. ಬರೆದವಳು ನಾನೇ. ಕೂತು ಕೇಳಿದಾಗ ಗೊತ್ತಾಯಿತು, ಅವರು ಕೆಲಸ ಮಾಡುವ ಕಡೆ ಮಧ್ಯಾಹ್ನದವರೆಗೆ ಶೌಚಾಲಯಕ್ಕೆ ಹೋಗಲು ಬಿಡುವುದಿಲ್ಲ. ಮಾತ್ರೆ ನುಂಗಿದರೆ ಎರಡು ಗಂಟೆಯೊಳಗೆ ನಾಲ್ಕು ಸಲ ಹೋಗಬೇಕು. ಕೆಲಸ ಉಳಿಸಿಕೊಳ್ಳಲು ಮಾತ್ರೆ ಬಿಟ್ಟಿದ್ದರು. ಡಾಕ್ಟರಿಗೆ ಹೇಳಿ, ಕೆಲಸದಿಂದ ಬಂದ ಮೇಲೆ ನುಂಗುವ ಹಾಗೆ ಸಮಯ ಬದಲಾಯಿಸಿದೆವು. ಆ ಫೈಲಿನಲ್ಲಿ ನಾನು ಬರೆದ ಸಾಲು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದು ಎಚ್ಚರಿಕೆ. ಸಮಯವನ್ನಾಗಲಿ ಪ್ರಮಾಣವನ್ನಾಗಲಿ ನೀವೇ ಬದಲಾಯಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳಿ. ನಿಮ್ಮ ಕೆಲಸ ಆ ಸಂಗತಿಯನ್ನು ಅವರಿಗೆ ಮುಟ್ಟಿಸುವುದು.

ಇನ್ನು ಓದಿನ ವಿಷಯ. "ಓದೋಕೆ ಬರುತ್ತಾ?" ಅಂತ ಯಾರನ್ನೂ ಕೇಳಬೇಡಿ. ನಾಲ್ಕು ಜನರ ಮುಂದೆ ಆ ಪ್ರಶ್ನೆಗೆ ನಿಜ ಹೇಳುವವರು ಕಡಿಮೆ. "ಮನೇಲಿ ಈ ಚೀಟಿ ಯಾರು ನೋಡ್ತಾರೆ?" ಅಂತ ಕೇಳಿ. ನಾನು ನೋಡಿದ ಗುರುತುಗಳು ಕೆಲವು ಇವೆ. ಕಾಗದ ಕೈಗೆ ಬಂದ ತಕ್ಷಣ ಮಡಚಿ ಚೀಲಕ್ಕೆ ಹಾಕುತ್ತಾರೆ. ಕನ್ನಡಕ ಮನೆಯಲ್ಲೇ ಮರೆತೆ ಅನ್ನುತ್ತಾರೆ. ಜೊತೆಗೆ ಬಂದವರ ಮುಖ ನೋಡುತ್ತಾರೆ. ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ನಿಲ್ಲುತ್ತಾರೆ. ಆದರೆ ಗುರುತು ಹುಡುಕುವುದಕ್ಕಿಂತ ಎಲ್ಲರಿಗೂ ಒಂದೇ ರೀತಿ, ಬಿಡಿಸಿ ಹೇಳುವುದೇ ಒಳ್ಳೆಯದು. ಯಾರಿಗೂ ಅವಮಾನ ಆಗುವುದಿಲ್ಲ. ಎಂಜಿನಿಯರ್ ಒಬ್ಬರು ಕೂಡ ಇನ್‌ಹೇಲರನ್ನು ತಲೆಕೆಳಗು ಹಿಡಿದಿದ್ದನ್ನು ನೋಡಿದ್ದೇನೆ.

ಓದಲು ಬಂದರೆ ಸಾಕು ಅಂತಲೂ ಅಲ್ಲ. ಅಮೆರಿಕದಲ್ಲಿ 395 ರೋಗಿಗಳಿಗೆ ಔಷಧಿ ಡಬ್ಬಿಯ ಮೇಲಿನ ಬರಹ ತೋರಿಸಿ ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. "ದಿನಕ್ಕೆ ಎರಡು ಸಲ, ಎರಡು ಮಾತ್ರೆ" ಅನ್ನುವ ಸೂಚನೆ. ಓದು ಕಡಿಮೆ ಇದ್ದವರಲ್ಲಿ ಸುಮಾರು 71 ಶೇಕಡ ಜನ ಅದನ್ನು ಸರಿಯಾಗಿ ಹೇಳಿದರು. ಹಾಗಾದರೆ ದಿನಕ್ಕೆ ಒಟ್ಟು ಎಷ್ಟು ಮಾತ್ರೆ, ಎಣಿಸಿ ತೋರಿಸಿ ಅಂದಾಗ ಸರಿ ಮಾಡಿದವರು ಸುಮಾರು 35 ಶೇಕಡ ಮಾತ್ರ. ಅಂದರೆ ಬಾಯಲ್ಲಿ ಸರಿ ಹೇಳಿದವರಲ್ಲೂ ಅರ್ಧದಷ್ಟು ಜನ ಕೈಯಲ್ಲಿ ತಪ್ಪಿದರು. ಇದು ಗೊತ್ತಾದಾಗಿನಿಂದ ಮಾತ್ರೆಯನ್ನೇ ಮುಂದಿಡುತ್ತೇನೆ. ಬೆಳಗಿನದನ್ನು ಒಂದು ಕಡೆ, ರಾತ್ರಿಯದನ್ನು ಇನ್ನೊಂದು ಕಡೆ ಇಡಿ ಅಂತ ಹೇಳಿ ಅವರ ಕೈಯಲ್ಲೇ ಇಡಿಸುತ್ತೇನೆ.

ಆಮೇಲೆ "ಅರ್ಥ ಆಯ್ತಾ" ಬದಲಿಗೆ ಹೀಗೆ ಕೇಳಿ: "ನಾನು ಸರಿಯಾಗಿ ಹೇಳಿದೀನಾ ಅಂತ ನೋಡ್ಕೋಬೇಕು. ಮನೆಗೆ ಹೋದ ಮೇಲೆ ನಿಮ್ಮ ಮಗಳಿಗೆ ಹೇಗೆ ಹೇಳ್ತೀರಿ, ನನಗೊಂದು ಸಲ ಹೇಳಿ." ಪರೀಕ್ಷೆ ಅವರದ್ದಲ್ಲ, ನನ್ನದು. ಇದಕ್ಕೆ ಟೀಚ್-ಬ್ಯಾಕ್ ಅಂತ ಹೆಸರಿದೆ. ತಪ್ಪು ಬಂದರೆ ಮೊದಲು ಹೇಳಿದ್ದನ್ನೇ ಜೋರಾಗಿ ಹೇಳಬೇಡಿ. ಬೇರೆ ಮಾತಿನಲ್ಲಿ ಹೇಳಿ, ಮತ್ತೆ ಕೇಳಿ. ಒಂದು ಸಲಕ್ಕೆ ಮೂರು ವಿಷಯಕ್ಕಿಂತ ಜಾಸ್ತಿ ಬೇಡ.

ಚೀಟಿಯ ಮೇಲೆ ಸೂರ್ಯ, ಚಂದ್ರ ಬರೆದು ಕೆಳಗೆ ಖಾಲಿ ಸ್ಟ್ರಿಪ್ಪಿನ ತುಂಡು ಅಂಟಿಸುವುದು ಸುಲಭದ ಉಪಾಯ. ಆದರೆ ರಾತ್ರಿ ಪಾಳಿಯವರಿಗೆ ಸೂರ್ಯ ಚಂದ್ರ ಉಲ್ಟಾ ಆಗುತ್ತದೆ, ನೋಡಿಕೊಳ್ಳಿ. ಮತ್ತೆ, ನಮ್ಮ ಅಮ್ಮನಿಂದ ಕಲಿತ ಮಾತನ್ನು ಪ್ರತಿಯೊಬ್ಬರಿಗೂ ಹೇಳಿ: "ಮಾತ್ರೆಯ ಬಣ್ಣವೋ ಆಕಾರವೋ ಬದಲಾಗಿದ್ದರೆ ನುಂಗುವ ಮುಂಚೆ ಅಂಗಡಿಯವರನ್ನು ಕೇಳಿ. ಹಳೇ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ."

ದುಡ್ಡಿನ ಮಾತು ಎತ್ತಲು ನಮಗೇ ಸಂಕೋಚ. ಎತ್ತಲೇಬೇಕು. "ಎಲ್ಲ ಔಷಧಿ ಒಂದೇ ಸಲ ತಗೊಳ್ಳೋಕೆ ಆಗುತ್ತಾ?" ಅಂತ ಮೆಲ್ಲಗೆ, ಪಕ್ಕಕ್ಕೆ ಕರೆದು ಕೇಳಿ. ಆಗದವರು ಸುಮ್ನೆ ಅರ್ಧ ಮಾತ್ರೆ ನುಂಗುತ್ತಾರೆ, ಇಲ್ಲವೇ ದಿನ ಬಿಟ್ಟು ದಿನ ನುಂಗುತ್ತಾರೆ. ಮೊದಲೇ ಗೊತ್ತಾದರೆ ಡಾಕ್ಟರು ಅದೇ ಗುಣದ ಕಡಿಮೆ ಬೆಲೆಯದ್ದನ್ನು ಬರೆಯಬಹುದು. ಮತ್ತೆ ಬರಬೇಕಾದ ದಿನವನ್ನೂ ಅವರನ್ನು ಕೇಳಿಯೇ ಗೊತ್ತು ಮಾಡಿ. ದಿನಗೂಲಿಯವರಿಗೆ ಆಸ್ಪತ್ರೆಗೆ ಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಅರ್ಥ.

ವೇಲ್ಸ್‌ನ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಒಂದು ಮಾತು ಬರೆದಿದ್ದರು. ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ. ಇದು ನಿಮ್ಮ ಮೇಜಿನ ಮುಂದೆಯೂ ನಡೆಯುತ್ತಿದೆಯಾ ಅಂತ ನೋಡಿಕೊಳ್ಳಬಹುದು. ಒಂದು ವಾರ ಯಾರಿಗೆ ಎಷ್ಟು ನಿಮಿಷ ಕೊಟ್ಟಿರಿ ಅಂತ ಬರೆದಿಡಿ. ನಾನು ಬರೆದಿಟ್ಟೆ. ಚೆನ್ನಾಗಿ ಓದಿದವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಹೆಚ್ಚು ಹೊತ್ತು ಪಡೆದಿದ್ದರು. ತಲೆಯಾಡಿಸಿದವರು ಬೇಗ ಎದ್ದು ಹೋಗಿದ್ದರು. ಈಗ ಯಾರು ಪ್ರಶ್ನೆ ಕೇಳುವುದಿಲ್ಲವೋ ಅವರ ಜೊತೆ ಜಾಸ್ತಿ ಕೂರುತ್ತೇನೆ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ಚೀಟಿ ಓದಲು ಅಪ್ಪನ ಜೊತೆ ಹನ್ನೆರಡು ವರ್ಷದ ಹುಡುಗಿ ಬಂದಿರುತ್ತಾಳೆ. ಮನೆಯಲ್ಲಿ ಓದಲು ಬರುವವಳು ಅವಳೊಬ್ಬಳೇ. ಪ್ರತಿ ಸಲ ಬಂದಾಗಲೂ ಅವಳಿಗೆ ಒಂದು ದಿನ ಶಾಲೆ ತಪ್ಪುತ್ತದೆ. ಅಪ್ಪನ ಕಾಯಿಲೆ ಹೀಗೆ ಮಗಳ ಓದಿಗೆ ಬಂದು ಮುಟ್ಟುತ್ತದೆ. 1970ರಿಂದ 2009ರವರೆಗೆ ಲೋಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಎಷ್ಟು ಇಳಿಯಿತೋ ಅದರಲ್ಲಿ ಅರ್ಧದಷ್ಟಕ್ಕೆ ಹೆಣ್ಣುಮಕ್ಕಳ ಓದು ಹೆಚ್ಚಿದ್ದೇ ಕಾರಣ ಅಂತ 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅಂಥ ಓದಿನಿಂದ ಒಂದೊಂದೇ ದಿನ ಕಿತ್ತುಕೊಳ್ಳಲು ನಾವು ಕಾರಣ ಆಗಬಾರದು. "ಇವತ್ತು ಶಾಲೆ ಇರಲಿಲ್ವಾ ಪುಟ್ಟಿ?" ಅಂತ ಕೇಳಿ. ಮುಂದಿನ ಸಲ ಶಾಲೆ ಬಿಟ್ಟ ಮೇಲಿನ ಹೊತ್ತಿಗೋ ರಜಾದಿನಕ್ಕೋ ಬರಲು ಹೇಳಿ. ಕಾಯಿಲೆಯ ಕೆಟ್ಟ ಸುದ್ದಿಯನ್ನು ಮಗುವಿನ ಬಾಯಲ್ಲಿ ಹೇಳಿಸಬೇಡಿ, ದೊಡ್ಡವರಿಗೆ ನೀವೇ ಹೇಳಿ.

ಕೊನೆಯ ಕೆಲಸ, ಮೂರನೇ ದಿನ ಒಂದು ಫೋನ್. "ಔಷಧಿ ತಗೋತಿದ್ದೀರಾ?" ಅಂದರೆ ಮತ್ತೆ "ಹೂಂ" ಬರುತ್ತದೆ. "ಸ್ಟ್ರಿಪ್ ಕೈಗೆ ತಗೊಳ್ಳಿ, ಎಷ್ಟು ಉಳಿದಿದೆ ಎಣಿಸಿ ಹೇಳಿ" ಅನ್ನಿ. ಹೋದ ತಿಂಗಳು ರಾತ್ರಿ ಕಾವಲು ಕಾಯುವ ಒಬ್ಬ ಹಿರಿಯರಿಗೆ ಹೀಗೆ ಫೋನ್ ಮಾಡಿದೆ. ನಾಲ್ಕು ಉಳಿದಿರಬೇಕಿತ್ತು, ಏಳು ಇದ್ದವು. "ರಾತ್ರಿ ಊಟ ಆದ ಮೇಲೆ ಅಂದಿದ್ರಿ ಅಲ್ವಾ ಮೇಡಂ? ನಾನು ರಾತ್ರಿ ಊಟ ಮಾಡೋದೇ ಇಲ್ಲ" ಅಂದರು. ಊಟ ಎಷ್ಟೊತ್ತಿಗೆ ಮಾಡ್ತೀರಿ ಅಂತ ಕೇಳಿ ಬರೆದುಕೊಂಡೆ. ಡಾಕ್ಟರ ಹತ್ತಿರ ಮಾತಾಡಿ ಸಂಜೆ ಮತ್ತೆ ಫೋನ್ ಮಾಡುತ್ತೇನೆ ಅಂತ ಹೇಳಿದೆ.