ಮೊದಲ ಕಾರ್ಡ್ ಹೋಲ್ಡರಿಗೆ ಏನೇನು ಕೊಂಡೆ, ಏನೇನು ಬಿಟ್ಟೆ

ಚರ್ಮದ ಕೆಲಸ ಕಲಿಯಬೇಕು ಅಂತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಕಿಟ್. ಒಂದೇ ಡಬ್ಬಿಯಲ್ಲಿ ಮೂವತ್ತು ನಲವತ್ತು ಸಾಮಾನು, ಫೋಟೋದಲ್ಲಿ ನೋಡಲು ಬಲು ಚಂದ. ನಾನು ಕೊಳ್ಳಲಿಲ್ಲ. ನನಗೆ ಮಾಡಬೇಕಿದ್ದದ್ದು ಒಂದೇ ವಸ್ತು, ಎಟಿಎಂ ಕಾರ್ಡ್ ಇಡುವ ಸಣ್ಣ ಹೋಲ್ಡರ್. ಅದಕ್ಕೆ ಏನು ಬೇಕು ಅಂತ ಬರೆದುಕೊಂಡು ನೋಡಿದರೆ ಹತ್ತು ಸಾಮಾನು ದಾಟಲಿಲ್ಲ. ಕಿಟ್ಟಿನಲ್ಲಿ ಹೂವು, ಎಲೆ ಒತ್ತುವ ಅಚ್ಚುಗಳೇ ಅರ್ಧ ಜಾಗ ತಿಂದಿರುತ್ತವೆ. ನಿಜವಾಗಿ ಕೆಲಸಕ್ಕೆ ಬರುವ ಚಾಕು ಮತ್ತು ತೂತು ಹೊಡೆಯುವ ಉಳಿಯಲ್ಲಿ ಮಾತ್ರ ಜಿಪುಣತನ ಮಾಡಿರುತ್ತಾರೆ.

ಹಾಗಾಗಿ ನನ್ನ ಲೆಕ್ಕ ಹೀಗಿತ್ತು. ತೊಗಲು, ಚಾಕು, ಹೊಲಿಗೆಯ ಉಳಿ, ಈ ಮೂರಕ್ಕೆ ಕೈ ಬಿಚ್ಚಿ ಖರ್ಚು ಮಾಡುವುದು. ಉಳಿದದ್ದನ್ನೆಲ್ಲ ಮನೆಯಲ್ಲಿ ಇರುವುದರಲ್ಲೇ ಸರಿದೂಗಿಸುವುದು.

ತೊಗಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಪಕರಣ ಯಾವುದು ಬೇಕು ಅನ್ನುವುದನ್ನು ಅದೇ ಹೇಳುತ್ತದೆ. ಅಂಗಡಿಯಲ್ಲಿ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಇದು ಬೇಗ ಹದವಾಗುತ್ತದೆ, ಮೆತ್ತಗಿರುತ್ತದೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಕಾರಿನ ಸೀಟು, ಜಾಕೆಟ್ಟು, ಮೆತ್ತನೆಯ ಬ್ಯಾಗು ಹೆಚ್ಚಾಗಿ ಇದರದ್ದೇ. ಇನ್ನೊಂದು ಗಿಡದ ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ್ದು. ನಮ್ಮ ಕಡೆ ಜಾಲಿ ತೊಗಟೆ, ಅಳಲೆಕಾಯಿ, ದಕ್ಷಿಣದ ಕಡೆ ತಂಗಡಿ ತೊಗಟೆ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ತೊಗಲು ಗಟ್ಟಿಯಾಗಿ, ನೆಟ್ಟಗೆ ನಿಲ್ಲುತ್ತದೆ. ಕತ್ತರಿಸಿದ ಅಂಚನ್ನು ಉಜ್ಜಿದರೆ ಹೊಳಪು ಬರುತ್ತದೆ.

ಹೊಸಬರಿಗೆ ಎರಡನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಮೆತ್ತನೆಯ ಕ್ರೋಮ್ ತೊಗಲು ಕತ್ತರಿಸುವಾಗ ಚಾಕುವಿನ ಜೊತೆ ಎಳೆದುಕೊಂಡು ಹೋಗುತ್ತದೆ. ಅಂಚು ಎಷ್ಟು ಉಜ್ಜಿದರೂ ನಯವಾಗುವುದಿಲ್ಲ, ಕೊನೆಗೆ ಅಂಚಿನ ಬಣ್ಣ ಬಳಿಯಬೇಕು ಅಥವಾ ಮಡಚಿ ಹೊಲಿಯಬೇಕು. ಅದೆಲ್ಲ ಆಮೇಲಿನ ಪಾಠ.

ನಾನಿರುವುದು ಬೆಳಗಾವಿಯಲ್ಲಿ. ಅದೊಂದು ಅದೃಷ್ಟ. ಕೊಲ್ಹಾಪುರಿ ಚಪ್ಪಲಿ ಅಂದರೆ ಮಹಾರಾಷ್ಟ್ರದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಅಲ್ಲಿಯ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಅಥಣಿ, ನಿಪ್ಪಾಣಿ ಕಡೆ ಇವತ್ತಿಗೂ ಈ ಕೆಲಸ ನಡೆದಿದೆ. ಎಮ್ಮೆಯ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ತೊಗಟೆಯ ರಸ ತುಂಬಿ ನೇತುಹಾಕಿ ಹದ ಮಾಡುವ ಪದ್ಧತಿ ಇದೇ ಚಪ್ಪಲಿಯದ್ದು.

ಅಥಣಿಯಲ್ಲಿ ಚಪ್ಪಲಿ ಮಾಡುವ ಹಿರಿಯರೊಬ್ಬರ ಹತ್ತಿರ ಕೂತು ಸ್ವಲ್ಪ ಕಲಿತೆ. ನಾನು ಪೇಟೆಯಲ್ಲಿ ಕೊಂಡಿದ್ದ ತುಂಡನ್ನು ಅವರು ಮೇಲ್ಮೈ ಒಳಗೆ ಬರುವಂತೆ ಮಡಚಿ, ಬೆಳಕಿಗೆ ಹಿಡಿದು, "ಇದು ಹೊಟ್ಟಿ ಕಡೀದು ನೋಡ್ರಿ, ಎಳದಂಗ ಬರತೈತಿ" ಅಂದರು. ಮಡಚಿದಾಗ ಸಣ್ಣ ಸಣ್ಣ ಗೆರೆ ಬಿದ್ದರೆ ಬೆನ್ನಿನ ಬಿಗಿಯಾದ ತೊಗಲು. ದಪ್ಪ ಸುಕ್ಕು ಎದ್ದು, ಮೇಲ್ಪದರ ಸಡಿಲವಾದಂತೆ ಕಂಡರೆ ಹೊಟ್ಟೆಯದ್ದು. ಹೊಟ್ಟೆಯ ಭಾಗ ಅಗ್ಗ. ಅಭ್ಯಾಸಕ್ಕೆ ಪರವಾಗಿಲ್ಲ, ಆದರೆ ಅದರಲ್ಲಿ ಕಾರ್ಡಿನ ಜೇಬು ಮಾಡಿದರೆ ಕೆಲವು ತಿಂಗಳಲ್ಲಿ ಬಾಯಿ ಬಿಡುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಢೋರರು, ಸಮಗಾರರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಅದಕ್ಕಾಗಿಯೇ ಊರು ಅವರನ್ನು ದೂರ ಇಟ್ಟಿತು. ಈಗ ನಮ್ಮಂಥವರು ಭಾನುವಾರ ಮೇಜಿನ ಮೇಲೆ ಅದನ್ನೇ ಮಾಡಿದರೆ "ವಾವ್, ಕೈಕೆಲಸ" ಅನ್ನುತ್ತಾರೆ. ಅವರ ಹತ್ತಿರ ಕಲಿಯಲು ಹೋದರೆ ಸುಮ್ನೆ ಫೋಟೋ ತೆಗೆದುಕೊಂಡು ಬರಬೇಡಿ. ಹೊತ್ತಿಗೆ ತಕ್ಕ ದುಡ್ಡು ಕೊಡಿ, ಚೌಕಾಸಿ ಬೇಡ.

ಕೊಳ್ಳುವಾಗ ನಾನು ನೋಡುವುದು ಇಷ್ಟು. ಹಿಂಬದಿಗೆ ಒಂದು ಹನಿ ನೀರು ಹಾಕಿದರೆ ತೊಗಟೆ ಹದದ ತೊಗಲು ಕುಡಿದು ಕಪ್ಪಾಗುತ್ತದೆ. ಕತ್ತರಿಸಿದ ಅಂಚು ಒಳಗೆಲ್ಲ ಕಂದು ಬಣ್ಣವೇ ಇರುತ್ತದೆ. ಕ್ರೋಮ್ ತೊಗಲಿನ ನಡುವೆ ಎಷ್ಟೋ ಸಲ ತಿಳಿ ನೀಲಿ ಅಥವಾ ಬೂದು ಪದರ ಕಾಣುತ್ತದೆ. ಸುಟ್ಟು ನೋಡಿ ಅಂತ ಹೇಳುವವರೂ ಇದ್ದಾರೆ, ಮನೆಯೊಳಗೆ ಅದು ಬೇಡ. "ಜೆನ್ಯೂನ್ ಲೆದರ್" ಅನ್ನುವ ಮುದ್ರೆ ನೋಡಿ ಮರುಳಾಗಬೇಡಿ. ತೊಗಲನ್ನು ಸೀಳಿದಾಗ ಉಳಿಯುವ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟರೂ ಆ ಮುದ್ರೆ ಬೀಳುತ್ತದೆ. ಕೇಳಬೇಕಾದ್ದು ಫುಲ್ ಗ್ರೇನ್, ಅಂದರೆ ಮೇಲ್ಮೈ ಉಜ್ಜಿ ತೆಗೆಯದೆ ಹಾಗೇ ಬಿಟ್ಟದ್ದು. ಸೊಳ್ಳೆ ಕಚ್ಚಿದ ಗುರುತು, ಮುಳ್ಳು ಗೀರಿದ ಗೆರೆ ಕಂಡರೆ ನನಗಂತೂ ಖುಷಿ.

ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ. ವಿದೇಶದ ವಿಡಿಯೋಗಳಲ್ಲಿ ಔನ್ಸ್ ಅನ್ನುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ಕಾರ್ಡ್ ಹೋಲ್ಡರಿಗೆ 1ರಿಂದ 1.2 ಮಿ.ಮೀ. ಸಾಕು. ಅಂಚಿನಲ್ಲಿ ಮೂರು ಪದರ ಸೇರಿದರೂ ನಾಲ್ಕು ಮಿ.ಮೀ. ಒಳಗೇ ಉಳಿಯುತ್ತದೆ. ಆಗ ಅಂಚನ್ನು ಹೆರೆದು ತೆಳು ಮಾಡುವ ಚಾಕುವೇ ಬೇಡ. ಬೆಲ್ಟಿಗಾದರೆ 3 ಮಿ.ಮೀ. ಮೇಲಿನದ್ದು ಬೇಕು. ಚರ್ಮ ಮಾರುವುದು ಚದರಡಿ ಲೆಕ್ಕದಲ್ಲಿ. ಇಡೀ ತೊಗಲು ಕೊಂಡರೆ ಚದರಡಿಗೆ ಅಗ್ಗ ಬೀಳುತ್ತದೆ ಅಂತ ಅಂಗಡಿಯವರು ಹೇಳುವುದು ನಿಜ. ಆದರೂ ಮೊದಲಿಗೆ ಎರಡು ಚದರಡಿಯ ಬೆನ್ನಿನ ತುಂಡು ಕೊಳ್ಳಿ, ಸಾಕು.

ಇನ್ನು ಚಾಕು. ಅಥಣಿಯ ಕಾಕಾ ಬಳಸುವುದು ರಂಪಿ, ಅಗಲ ಬಾಯಿಯ ಕಬ್ಬಿಣದ ಚಾಕು. ಕತ್ತರಿಸುವುದು, ಹೆರೆಯುವುದು, ಮೂಲೆ ತಿರುಗಿಸುವುದು, ಎಲ್ಲ ಅದರಲ್ಲೇ. ಅದನ್ನು ಮಸೆಯಲು ಕಲಿಯುವುದೇ ಒಂದು ವಿದ್ಯೆ. ನಾನು ಆ ದಾರಿ ಹಿಡಿಯಲಿಲ್ಲ. ತುದಿ ಮುರಿದು ಮುರಿದು ಬಳಸುವ ಕಟರ್ ಕೊಂಡೆ, 18 ಮಿ.ಮೀ. ಬ್ಲೇಡಿನದ್ದು. ಈ ಬಗೆಯ ಕಟರ್ ಮೊದಲು ಬಂದದ್ದು 1956ರಲ್ಲಿ, ಜಪಾನಿನಲ್ಲಿ. ಅದನ್ನು ಮಾಡಿದ ಓಲ್ಫಾದವರ ಬ್ಲೇಡನ್ನೇ ನಾನು ಇವತ್ತಿಗೂ ಹಾಕುತ್ತೇನೆ. ಅಂಗಡಿಯಲ್ಲಿ ಸ್ಟೇಷನರಿ ಕಟರ್ ಅಂತ 9 ಮಿ.ಮೀ.ದು ಕೊಡುತ್ತಾರೆ. ಅದು ದಪ್ಪ ತೊಗಲಿನಲ್ಲಿ ಬಾಗುತ್ತದೆ, ಅಂಚು ಓರೆಯಾಗುತ್ತದೆ. ಹೊಸ ತುಂಡು ಕತ್ತರಿಸುವ ಮುಂಚೆ ಒಂದು ತುದಿ ಮುರಿದುಬಿಡುತ್ತೇನೆ. ಮಸೆಯುವ ತಲೆನೋವೇ ಇಲ್ಲ.

ಚಾಕುವಿನ ಜೊತೆ ಸ್ಟೀಲ್ ಸ್ಕೇಲ್ ಬೇಕೇ ಬೇಕು. ಪ್ಲಾಸ್ಟಿಕ್ ಸ್ಕೇಲನ್ನು ಬ್ಲೇಡು ಕೊರೆದುಬಿಡುತ್ತದೆ. ಸ್ಕೇಲಿನ ಕೆಳಗೆ ಒಂದು ಪಟ್ಟಿ ಸ್ಯಾಂಡ್‌ಪೇಪರ್ ಅಂಟಿಸಿದರೆ ಜಾರುವುದಿಲ್ಲ. ಒಂದೇ ಸಲಕ್ಕೆ ಕತ್ತರಿಸಲು ಹೋಗಬೇಡಿ. ಮೊದಲ ಎಳೆತ ಹಗುರವಾಗಿ, ದಾರಿ ಮಾಡಲಷ್ಟೇ. ಎರಡನೆಯದು, ಮೂರನೆಯದು ಕತ್ತರಿಸಲು.

ಈಗ ಹೊಲಿಗೆ. ಚರ್ಮದಲ್ಲಿ ಸೂಜಿ ತಾನಾಗಿ ತೂರುವುದಿಲ್ಲ, ಮೊದಲೇ ತೂತು ಬೇಕು. ಚಪ್ಪಲಿಯವರು ಆರಿಯಿಂದ ಒಂದೊಂದೇ ತೂತು ಮಾಡುತ್ತಾ ಹೋಗುತ್ತಾರೆ, ಕಣ್ಣಳತೆಯಲ್ಲೇ ಸಾಲು ನೇರ ಬರುತ್ತದೆ. ನಮಗೆ ಆ ಕಣ್ಣು ಬರಲು ವರ್ಷಗಳು ಬೇಕು. ಅದಕ್ಕೇ ಸ್ಟಿಚಿಂಗ್ ಚಿಸೆಲ್, ಬಾಚಣಿಗೆಯಂತೆ ಸಾಲಾಗಿ ಹಲ್ಲಿರುವ ಉಳಿ. ಎರಡು ಬೇಕು: ನೇರ ಸಾಲಿಗೆ ನಾಲ್ಕು ಅಥವಾ ಆರು ಹಲ್ಲಿನದ್ದು, ಮೂಲೆ ತಿರುವಿಗೆ ಎರಡು ಹಲ್ಲಿನದ್ದು. ಎರಡರಲ್ಲೂ ಹಲ್ಲುಗಳ ಅಂತರ ಒಂದೇ ಇರಬೇಕು. ನಾನು 4 ಮಿ.ಮೀ. ಅಂತರ ಆರಿಸಿದೆ. 3 ಮಿ.ಮೀ. ಹೊಲಿಗೆ ನೋಡಲು ನಾಜೂಕು, ಆದರೆ ಹೊಸ ಕೈಗೆ ಬೇಸರ ತರುತ್ತದೆ. 5 ಮಿ.ಮೀ. ಬೆಲ್ಟು, ಬ್ಯಾಗಿಗೆ ಸರಿ, ಸಣ್ಣ ಹೋಲ್ಡರಿನ ಮೇಲೆ ಒರಟಾಗಿ ಕಾಣುತ್ತದೆ.

ಉಳಿ ಕೊಂಡ ತಕ್ಷಣ ದಪ್ಪ ಕಾಗದದ ಮೇಲೆ ಒಮ್ಮೆ ಒತ್ತಿ. ಆಮೇಲೆ ಉಳಿಯನ್ನು ಅರ್ಧ ಸುತ್ತು ತಿರುಗಿಸಿ ಅದೇ ತೂತುಗಳಲ್ಲಿ ಕೂರಿಸಿ. ಎಲ್ಲ ಹಲ್ಲೂ ಸರಿಯಾಗಿ ಕೂತರೆ ಅಂತರ ಸಮವಾಗಿದೆ ಅಂತ. ಒಂದು ಹಲ್ಲು ಪಕ್ಕಕ್ಕೆ ಬಿದ್ದರೂ ವಾಪಸ್ ಕಳಿಸಿ, ಹೊಲಿಗೆಯ ಸಾಲಿನಲ್ಲಿ ಆ ಡೊಂಕು ಕಂಡೇ ಕಾಣುತ್ತದೆ. ಅಗ್ಗದ ಉಳಿಗಳ ಹಲ್ಲು ಒರಟಾಗಿದ್ದು ತೊಗಲಿನಲ್ಲಿ ಕಚ್ಚಿಕೊಳ್ಳುತ್ತವೆ. 1000 ನಂಬರಿನ ಎಮರಿ ಪೇಪರಿನಲ್ಲಿ ಹಲ್ಲುಗಳನ್ನು ನಯ ಮಾಡಿ, ಹೊಡೆಯುವ ಮುಂಚೆ ಜೇನುಮೇಣಕ್ಕೆ ಒಮ್ಮೆ ಚುಚ್ಚಿದರೆ ಸಲೀಸಾಗಿ ಹೊರಬರುತ್ತವೆ.

ಉಳಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ, ತಲೆ ಜಜ್ಜಿ ಹೋಗುತ್ತದೆ. ನಮ್ಮ ಬಡಗಿಗಳ ಮರದ ಕೊಡತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೈಲಾನ್ ಸುತ್ತಿಗೆ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೆಳಗೆ ಹಾಕಲು ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ. ಅದರ ಕೆಳಗೆ ಒಂದು ಗ್ರಾನೈಟ್ ತುಂಡು. ಗ್ರಾನೈಟ್ ಕತ್ತರಿಸುವ ಅಂಗಡಿಯ ಹೊರಗೆ ಬಿಸಾಡಿದ್ದನ್ನು ಕೇಳಿ ತಂದೆ. ಭಾರ ಇದ್ದಷ್ಟೂ ಏಟು ವ್ಯರ್ಥವಾಗುವುದಿಲ್ಲ. ಮೇಜಿನ ನಡುವೆ ಬೇಡ, ಕಾಲಿನ ನೇರಕ್ಕೆ ಇಟ್ಟು ಹೊಡೆಯಿರಿ. ಕೆಳಗಿನ ಮನೆಯವರೂ ಸ್ವಲ್ಪ ಕಡಿಮೆ ಬೈಯುತ್ತಾರೆ.

ಹೊಲಿಗೆಯ ಗೆರೆ ಎಳೆಯಲು ಪ್ರತ್ಯೇಕ ಉಪಕರಣ ಮಾರುತ್ತಾರೆ. ನಾನು ಮಗಳ ಜಾಮಿಟ್ರಿ ಬಾಕ್ಸಿನ ಕೈವಾರ ಬಳಸಿದೆ. ಪೆನ್ಸಿಲ್ ಸಿಕ್ಕಿಸುವ ಬದಲು ಎರಡೂ ಕಡೆ ಮೊನೆ ಇರುವ ಡಿವೈಡರ್. 3.5 ಮಿ.ಮೀ. ಅಗಲಿಸಿ, ಒಂದು ಮೊನೆ ಅಂಚಿನ ಹೊರಗೆ, ಇನ್ನೊಂದು ತೊಗಲಿನ ಮೇಲೆ. ಹಗುರವಾಗಿ ಎಳೆದರೆ ಗೆರೆ ಸಿದ್ಧ.

ದಾರ ಮೇಣ ಹಚ್ಚಿದ ಪಾಲಿಯೆಸ್ಟರ್. 4 ಮಿ.ಮೀ. ಅಂತರಕ್ಕೆ 0.6 ಮಿ.ಮೀ. ದಪ್ಪದ್ದು ಹೊಂದುತ್ತದೆ. ಆನ್‌ಲೈನಿನಲ್ಲಿ ಹೆಚ್ಚಾಗಿ ಕಾಣುವುದು 0.8 ಅಥವಾ 1 ಮಿ.ಮೀ. ಚಪ್ಪಟೆ ದಾರ, ಅದು ಈ ಕೆಲಸಕ್ಕೆ ದಪ್ಪವಾಯಿತು. ಸೂಜಿ ಮೊಂಡು ತುದಿಯದ್ದು ಇರಬೇಕು, ತೂತು ಮೊದಲೇ ಇರುವುದರಿಂದ ಚೂಪು ಬೇಡ. ಚೂಪು ಸೂಜಿ ಒಳಗಿರುವ ದಾರವನ್ನೇ ಚುಚ್ಚಿ ಸೀಳುತ್ತದೆ. ಗೋಣಿಚೀಲ ಹೊಲಿಯುವ ದಬ್ಬಳ ಇದಕ್ಕೆ ಬಹಳ ದಪ್ಪ. ಹೊಲಿಗೆ ಉದ್ದದ ನಾಲ್ಕು ಪಟ್ಟು ದಾರ ತೆಗೆದುಕೊಳ್ಳಿ, ಎರಡೂ ತುದಿಗೆ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸುವ ಈ ಹೊಲಿಗೆಯಲ್ಲಿ ಎಲ್ಲೋ ಒಂದು ಕಡೆ ದಾರ ಕಡಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆ ಹಾಗಲ್ಲ, ಒಂದು ಕಡೆ ಬಿಟ್ಟರೆ ಮುಂದಕ್ಕೂ ಸಡಿಲವಾಗುತ್ತಾ ಹೋಗುತ್ತದೆ.

ಅಂಟಿಗೆ ಚಪ್ಪಲಿ ರಿಪೇರಿಯವರ ರಬ್ಬರ್ ಅಂಟು ಸಾಕು. ಎರಡೂ ಕಡೆ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಸೇರಿಸಿ ಒತ್ತಬೇಕು. ಸೇರಿಸಿದ ಮೇಲೆ ಸರಿಸಲು ಬರುವುದಿಲ್ಲ. ಇದರ ವಾಸನೆ ತಲೆ ಹಿಡಿಯುತ್ತದೆ, ಕಿಟಕಿ ತೆಗೆದಿಟ್ಟುಕೊಂಡೇ ಕೆಲಸ ಮಾಡಿ, ಹತ್ತಿರ ದೀಪ, ಒಲೆ ಬೇಡವೇ ಬೇಡ. ಮರಕ್ಕೆ ಹಾಕುವ ಬಿಳಿ ಅಂಟು ಒಣಗಿದರೆ ತೊಗಲು ಅಲ್ಲಿ ಹಲಗೆಯಾಗುತ್ತದೆ.

ಅಳತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಾರ್ಡಿನ ಅಳತೆ ಎಲ್ಲ ಬ್ಯಾಂಕಿನದ್ದೂ ಒಂದೇ: 85.6 ಮಿ.ಮೀ. ಅಗಲ, 54 ಮಿ.ಮೀ. ಎತ್ತರ, ದಪ್ಪ 0.76. ನಾನು ತೊಗಲನ್ನು 100 ಮಿ.ಮೀ. ಅಗಲ ಕತ್ತರಿಸಿದೆ. ಎರಡೂ ಬದಿಯ ಹೊಲಿಗೆಗೆ 3.5ರಂತೆ ಹೋದರೆ ಒಳಗೆ 93 ಉಳಿಯುತ್ತದೆ. ಮೊದಮೊದಲು ಕಾರ್ಡ್ ಬಿಗಿಯಾಗಿ ಹೋಗುತ್ತದೆ. ಅದು ಹಾಗೇ ಇರಬೇಕು, ತೊಗಲು ಬಳಸುತ್ತಾ ಸಡಿಲವಾಗುತ್ತದೆ. ನಕ್ಷೆಯನ್ನು ಹಳೆಯ ಮದುವೆ ಕಾರ್ಡಿನ ಮೇಲೆ ಬರೆದು ಕತ್ತರಿಸಿ, ನಿಜವಾದ ಎಟಿಎಂ ಕಾರ್ಡ್ ಹಾಕಿ ನೋಡಿದ ಮೇಲೆಯೇ ತೊಗಲಿಗೆ ಕೈ ಹಾಕಿದೆ.

ಅಂಚಿಗೆ ಖರ್ಚೇ ಬೇಡ. 220, 400, 600 ನಂಬರಿನ ಸ್ಯಾಂಡ್‌ಪೇಪರ್ ಸಾಲಾಗಿ. ಆಮೇಲೆ ಒದ್ದೆ ಬೆರಳಿನಿಂದ ಸ್ವಲ್ಪ ನೀರು, ಹಳೆಯ ಜೀನ್ಸ್ ತುಂಡಿನಿಂದ ಜೋರಾಗಿ ಉಜ್ಜುವುದು. ಬಿಸಿ ಏರಿದಂತೆ ಎಳೆಗಳು ಕೂತು ಅಂಚು ಹೊಳೆಯುತ್ತದೆ. ಕೊನೆಗೆ ಜೇನುಮೇಣ. ಅಂಚಿನ ಚೂಪು ತೆಗೆಯುವ ಬೆವೆಲರ್ ಆಮೇಲೆ ಕೊಂಡೆ, ಅದು ಬಂದ ಮೇಲೆ ಕೆಲಸ ಚಂದ ಕಾಣತೊಡಗಿತು ಅನ್ನುವುದನ್ನು ಒಪ್ಪಲೇಬೇಕು. ಹಾಗಾಗಿ ಮೊದಲ ಹತ್ತರ ಪಟ್ಟಿಗೆ ಹನ್ನೊಂದನೆಯದು ಸೇರಿಸುವುದಾದರೆ ಅದೇ.

ಕೊಳ್ಳದೆ ಬಿಟ್ಟವು: ಬಣ್ಣ, ಅಚ್ಚು, ಹೊಲಿಯುವಾಗ ತೊಗಲು ಹಿಡಿದುಕೊಳ್ಳುವ ಮರದ ಇಕ್ಕಳ, ಟಿಚ್ ಬಟನ್ ಹಾಕುವ ಯಂತ್ರ. ಬಣ್ಣ ಹಾಕದ ತೊಗಲು ಬಿಸಿಲು, ಕೈಯ ಜಿಡ್ಡು ತಾಗಿ ತಾನೇ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಕ್ಕಳದ ಬದಲು ಆಫೀಸಿನ ಬೈಂಡರ್ ಕ್ಲಿಪ್, ಗುರುತು ಬೀಳದಂತೆ ಕೆಳಗೊಂದು ಚೂರು ತೊಗಲು.

ಮಳೆಗಾಲದ ಒಂದು ಎಚ್ಚರಿಕೆ. ಬೆಳಗಾವಿಯ ಜುಲೈ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ತೊಗಲಿಗೆ ಬೂಷ್ಟು ಬರುತ್ತದೆ. ಹಳೆಯ ಕಾಟನ್ ದಿಂಬಿನ ಚೀಲದಲ್ಲಿ ಸುತ್ತಿ, ಮಡಚದೆ, ಗಾಳಿ ಆಡುವ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಇಟ್ಟರೆ ಸೆಟೆದುಕೊಳ್ಳುತ್ತದೆ. ಉಳಿಯ ಹಲ್ಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಮತ್ತೆ ಕೆಲಸಕ್ಕೆ ತೆಗೆದಾಗ ಆ ಎಣ್ಣೆ ಒರೆಸುವುದನ್ನು ಮರೆಯಬೇಡಿ, ತಿಳಿ ಬಣ್ಣದ ತೊಗಲಿಗೆ ಒಮ್ಮೆ ಹತ್ತಿದ ಕಲೆ ಹೋಗುವುದಿಲ್ಲ.