ಮೂರೆಲೆಯ ಬೆಂಬಲವನ್ನು ತಡವಾಗಿ ಹೇಳುವುದು: ನನ್ನ ಅನುಭವ

ಬ್ರಿಡ್ಜ್ ಆಟದಲ್ಲಿ ಹರಾಜು ಶುರು ಮಾಡಿದ ಓಪನರ್ (ಇಲ್ಲಿ ನಾನು) ಕೈಯಲ್ಲಿ ಮೂರು ಸ್ಪೇಡ್, ಒಂಟಿ ಹಾರ್ಟ್, ಐದು ಡೈಮಂಡ್, ನಾಲ್ಕು ಕ್ಲಬ್. 1 ಡೈಮಂಡ್‌ಗೆ ಜೊತೆಗಾರ 1 ಸ್ಪೇಡ್ ಎಂದಿದ್ದಾನೆ. ಎಕ್ಕ 4, ರಾಜ 3, ರಾಣಿ 2, ಗುಲಾಮ 1 ಎಂದು ಎಣಿಸಿ 12ರಿಂದ 14 ಅಂಕವಿದ್ದರೆ ನಾನು ಕೂಡಲೇ 2 ಸ್ಪೇಡ್ ಎಂದು ಬೆಂಬಲಿಸುತ್ತೇನೆ. ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ 15ರಿಂದ 17ರ ಕೈಯಲ್ಲಿ ಮೊದಲು 2 ಕ್ಲಬ್ ಎಂದು, ಜೊತೆಗಾರ 2 ಡೈಮಂಡ್‌ಗೆ ಮರಳಿದ ಮೇಲೆ 2 ಸ್ಪೇಡ್ ಎನ್ನುವುದು ನನ್ನ ಹಟ. ‘2 ಕ್ಲಬ್ಬಿಗೇ ಪಾಸ್ ಬಿದ್ದರೆ?’ ಎಂದು ಕೇಳದವರಿರಲಿಲ್ಲ. ಈಗ ಅಂಕಪಟ್ಟಿ ನೋಡಿ ಸುಮ್ಮನಾಗಿದ್ದಾರೆ.

ಮುಂಚೆ ಎಲ್ಲ ಕೈಗಳನ್ನೂ ನೇರ 2 ಸ್ಪೇಡ್‌ಗೆ ತುರುಕುತ್ತಿದ್ದೆವು. ಜೊತೆಗಾರ 8 ಅಂಕ ಹಿಡಿದು ಪಾಸ್ ಮಾಡುತ್ತಿದ್ದ, 4 ಸ್ಪೇಡ್ ಗೇಮ್‌ಗೆ ಸಾಲುವ ಹತ್ತು ಟ್ರಿಕ್ (ಗೆದ್ದ ಸುತ್ತು) ಬರುತ್ತಿತ್ತು. ಹಣ ಕಟ್ಟಿ ಆಡುವ ರಬ್ಬರ್ ಬ್ರಿಡ್ಜ್‌ನಲ್ಲಿ ಇದರ ಹೊಡೆತ ದೊಡ್ಡದು: ಕೂಗಿದ ಟ್ರಿಕ್‌ಗಳಿಗೆ ಗೆರೆಯ ಕೆಳಗೆ 60, ಹೆಚ್ಚಿನವಕ್ಕೆ ಮೇಲೆ 60, ಕೆಳಗೆ 100 ಆಗದೆ ಗೇಮ್ ಇಲ್ಲ. ಆ ಕಾಲದಲ್ಲಿ ಕೈಬಿಟ್ಟ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಡವಾದ ಬೆಂಬಲ ಮೊದಲು ನೆಲಕಚ್ಚಿತು. ಅದಕ್ಕೆ ಕೆಳಗಿನ ಮಿತಿ ಇರಲಿಲ್ಲ. 13ರ ಕೈಯಲ್ಲೂ ಅದೇ ಹರಾಜು. ಜೊತೆಗಾರ ನಂಬಿ 4 ಸ್ಪೇಡ್‌ಗೆ ಹೋದರೆ ಎರಡು ಟ್ರಿಕ್ ಕಡಿಮೆ, ವಲ್ನರಬಲ್ (ದಂಡವೂ ಬೋನಸ್ಸೂ ಹೆಚ್ಚಿರುವ ಸ್ಥಿತಿ) ಆಗಿದ್ದರೆ 200 ಕಳೆಯಿತು. 15ಕ್ಕೆ ಗೆರೆ ಎಳೆದ ಮೇಲೆಯೇ ಇದು ನಿಂತದ್ದು.

ಅದಕ್ಕಿಂತ ಕಷ್ಟವಾದದ್ದು ಜೊತೆಗಾರನನ್ನು ಒಪ್ಪಿಸುವುದು. ಐದು ಸ್ಪೇಡ್ ಇದ್ದರೂ ಅವನು ಎರಡೇ ಡೈಮಂಡ್ ಹಿಡಿದು 2 ಡೈಮಂಡ್ ಎನ್ನಬೇಕು. ಸ್ಪೇಡ್ ಮತ್ತೆ ಹೇಳುವುದಕ್ಕೆ ಆರು ಎಲೆ ಬೇಕು. ಪಾಸ್ ಮಾಡದೆ 2 ಡೈಮಂಡ್ ಎಂದರೇ ನನಗೆ ಇನ್ನೊಂದು ಸರದಿ. ತಿಂಗಳುಗಟ್ಟಲೆ ವಾದ ನಡೆದು, ಕೊನೆಗೆ ಈ ಕೈ ಅವನನ್ನು ಗೆದ್ದಿತು: ನನ್ನಲ್ಲಿ ಸ್ಪೇಡ್ ರಾಜ, ರಾಣಿ, 5, ಹಾರ್ಟ್ 4, ಡೈಮಂಡ್ ಎಕ್ಕ, ರಾಣಿ, ಗುಲಾಮ, 7, 3, ಕ್ಲಬ್ ಎಕ್ಕ, ಗುಲಾಮ, 6, 4. ಅವನಲ್ಲಿ ಸ್ಪೇಡ್ ಎಕ್ಕ, ಗುಲಾಮ, 10 ಸೇರಿ ಐದು, ಮೂರು ಪುಡಿ ಹಾರ್ಟ್, ಡೈಮಂಡ್ ರಾಜ ಮತ್ತು ಒಂದು ಸಣ್ಣದು, ಮೂರು ಪುಡಿ ಕ್ಲಬ್. ನನ್ನ 2 ಸ್ಪೇಡ್ ಕೇಳಿದೊಡನೆ ನನ್ನ ಕೈಯ ಆಕಾರ ಅವನ ಕಣ್ಣಿಗೆ ಕಟ್ಟಿತು: ಹಾರ್ಟ್ ಒಂಟಿ, ಡೈಮಂಡ್ ರಾಜ ಬಂಗಾರ. 8 ಅಂಕದಲ್ಲೇ ನೇರ 4 ಸ್ಪೇಡ್! ನಮಗೆ 620, ಇನ್ನೊಂದು ಮೇಜಿನಲ್ಲಿ 2 ಸ್ಪೇಡ್‌ಗೆ 170. ವ್ಯತ್ಯಾಸ 450, ಅಂದರೆ ತಂಡಗಳ ಪಂದ್ಯದ ಅಳತೆಯಲ್ಲಿ 10 ಇಂಪ್. ಅಂತಹ ಮೂರ್ನಾಲ್ಕು ಕೈಗಳಿಂದಲೇ ಆ ಋತುವಿನ ಪ್ರವೇಶ ಶುಲ್ಕವೆಲ್ಲ ಬಹುಮಾನದ ರೂಪದಲ್ಲಿ ಮರಳಿತು.

ಅವನಲ್ಲಿ ನಾಲ್ಕೇ ಸ್ಪೇಡ್ ಇದ್ದರೆ? ಬ್ರಿಡ್ಜ್ ಬರಹಗಾರ ಅಲ್ಫಾನ್ಸ್ ಮೋಯ್ಸ್ ಹೆಸರಿನ 4-3 ತುರುಪು, ಇಬ್ಬರಲ್ಲೂ ಸೇರಿ ಏಳೇ ಎಲೆ. ಎದುರಿನ ಆರು ತುರುಪು 4-2 ಆಗಿ ಒಡೆಯುವುದು ಸುಮಾರು ಶೇ 48, 3-3 ಆಗುವುದು ಶೇ 36ರ ಆಸುಪಾಸು. ಹಾರ್ಟನ್ನು ಮೂರೆಲೆಯ ಕೈಯಲ್ಲಿ ತುರುಪಿನಿಂದ ಕತ್ತರಿಸುವುದರಿಂದ ಉದ್ದದ ಕೈ ಹಿಡಿತ ಕಳೆದುಕೊಳ್ಳುವುದಿಲ್ಲ. ನಾನಿದನ್ನು ಸಂತೋಷದಿಂದ ಆಡುತ್ತೇನೆ.

ನಡುವೆ ಗಜ್ಜಿಲ್ಲಿಯನ್ನೂ (2 ಕ್ಲಬ್ ಅಂದರೆ ಸಹಜ ಇಲ್ಲವೇ ಬಲವಾದ ಕೈ ಎಂಬ ಪದ್ಧತಿ) ಪ್ರಯತ್ನಿಸಿದೆವು. ನೆನಪಿಗೆ ಹೊರೆ ಹೆಚ್ಚು, ಲಾಭ ಕಡಿಮೆ, ಬಿಟ್ಟೆವು. ಉಳಿದದ್ದು ನೇರ ಬೆಂಬಲದ ಮೇಲೆ ಜೊತೆಗಾರ ಕೇಳುವ 2 ನೋಟ್ರಂಪ್ (ತುರುಪಿಲ್ಲದ ಕೂಗು) ಪ್ರಶ್ನೆ: 3 ಕ್ಲಬ್ ಅಂದರೆ ಮೂರೆಲೆ, ಅಂಕ ಕೆಳಮಟ್ಟ, 3 ಡೈಮಂಡ್ ಮೂರೆಲೆ, ಮೇಲ್ಮಟ್ಟ, 3 ಹಾರ್ಟ್, 3 ಸ್ಪೇಡ್ ಅದೇ ಕ್ರಮದಲ್ಲಿ ನಾಲ್ಕೆಲೆ. ಇದಿಲ್ಲದೆ ಮೂರೆಲೆಯಲ್ಲಿ ನೇರ ಬೆಂಬಲ ಕೊಡಲೇಬೇಡಿ.

ಒಪ್ಪಂದಗಳನ್ನು ಕೇಳಿದ ಎದುರಾಳಿಗೆ ಪೂರ್ತಿ ವಿವರಿಸುತ್ತೇನೆ, ಅದು ನಿಯಮ. ಆದರೆ ಗಡಿಯ 15ರ ಕೈಯನ್ನು ಯಾವ ಕಡೆಗೆ ವಾಲಿಸಬೇಕೆಂದು ತೂಗುವ ನನ್ನ ಲೆಕ್ಕವನ್ನು ಇಲ್ಲಿ ಬಿಚ್ಚಿಡುವುದಿಲ್ಲ.

2 ಕ್ಲಬ್ಬಿಗೆ ಪಾಸ್ ಬಿದ್ದದ್ದೂ ಉಂಟು. ಆಗೆಲ್ಲ ಅವನಲ್ಲಿ ಕ್ಲಬ್ ಉದ್ದವಿತ್ತು, ಅಂಕ ಸೊರಗಿತ್ತು. ನಷ್ಟ ಒಂದೆರಡು ಇಂಪ್. 18 ದಾಟಿದ ಕೈಯಲ್ಲಿ ಆ ಭಯವೂ ಇಲ್ಲ: 3 ಕ್ಲಬ್‌ಗೆ ಹಾರುತ್ತೇನೆ, ಗೇಮ್ ತನಕ ಹರಾಜು ನಿಲ್ಲುವುದಿಲ್ಲ, ಸ್ಪೇಡ್ ಬೆಂಬಲ ಮುಂದಿನ ಸರದಿಗೆ.